ಹೊರಗಿನ ಖೋಲಿಯಲ್ಲಿ ನಿಮ್ಮವ್ವ

ಅಕ್ಷತಾ, ಪ್ರಜ್ವಲಾ,

ಇದನ್ನು ಬರೆಯುತ್ತಿರುವವಳು ನಿಮ್ಮ ಆಯಿ, ನಿಮ್ಮಪ್ಪನ ಅವ್ವ. ಎದುರಿಗೆ ಕೂತು ಹೇಳಬಹುದಿತ್ತು. ಆದರೆ ಬಾಯಿ ಬರುವುದಿಲ್ಲ. ನಿಮ್ಮ ಅಜ್ಜನ ಹತ್ತಿರವೂ ಇಂಥ ಮಾತನ್ನು ಒಂದು ದಿನವೂ ಆಡಿದವಳಲ್ಲ ನಾನು. ಕಾಗಿನೆಲೆ ಹತ್ತಿರದ ನಮ್ಮೂರ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತದ್ದು ಈಗ ಉಪಯೋಗಕ್ಕೆ ಬಂತು. ನನಗೆ ಬಾಯಿಗಿರುವಷ್ಟು ನಾಚಿಕೆ ಕೈಗಿಲ್ಲ.

ಪ್ರಜ್ವಲಾ, ಇದು ಹೆಂಗಸರ ವಿಷಯ ಅಂತ ಹಾಳೆ ಮಗುಚಬೇಡ. ನಿನ್ನನ್ನು ನೆನೆಸಿಕೊಂಡೇ ಹೆಚ್ಚು ಬರೆದಿದ್ದೇನೆ.

ಈ ಸಲ ಸಂಕ್ರಾಂತಿಯಿಂದ ಯುಗಾದಿಯವರೆಗೆ ನಿಮ್ಮವ್ವನಿಗೆ ಆರಾಮ ಇರಲಿಲ್ಲ. ಅಕ್ಷತಾ ಧಾರವಾಡದ ಹಾಸ್ಟೆಲಿನಲ್ಲಿ, ನೀನು ದಾವಣಗೆರೆಯಲ್ಲಿ. ಫೋನು ಮಾಡಿದಾಗೆಲ್ಲ “ಎಲ್ಲಾರೂ ಆರಾಮ ಅದೇವಿ” ಅಂದೆವು. ನಿಮಗೆ ಪರೀಕ್ಷೆ ಇತ್ತು. ನಮಗೆ ಹೆದರಿಕೆ ಇತ್ತು. ಹೆದರಿಕೆ ನನಗೆ ಎಷ್ಟಿತ್ತೆಂದರೆ, ಆ ದಿನಗಳಲ್ಲಿ ನಿಮ್ಮವ್ವ ಎದ್ದು ನಡೆದರೆ ಅವಳ ಹಿಂದೆ ನೆಲ ನೋಡುತ್ತಿದ್ದೆ, ಎಲ್ಲಿಯಾದರೂ ರಕ್ತದ ಹನಿ ಬಿದ್ದಿದೆಯಾ ಅಂತ.

ಮೊದಲಿಂದ ಹೇಳುತ್ತೇನೆ.

ನಮ್ಮ ಗಿರಣಿಯ ಹಿತ್ತಲು ನಿಮಗೆ ಗೊತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪೇಟೆ ಶುರುವಾದರೆ ನಮ್ಮಲ್ಲಿ ವರ್ಷದ ಖಾರ ಮಾಡಿಸುವವರ ಸಾಲು ಹತ್ತುತ್ತದೆ. ನಿಮ್ಮಪ್ಪ ಮುಂದೆ ಗಿರಣಿ ನಡೆಸುತ್ತಾನೆ. ಕೆಲಸಕ್ಕೆ ಬರುವ ಖಾಜಾಬಿ ಮತ್ತು ನಾನು ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು, ನಮ್ಮ ಮಾತಿನ ತುಂಬು, ಮುರಿಯುತ್ತೇವೆ. ಹಿತ್ತಲಿನ ದೊಡ್ಡ ಒಲೆಯ ಮುಂದೆ ನಿಂತು ಹುರಿಯುವವಳು ನಿಮ್ಮವ್ವ. ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಒಣಕೊಬ್ಬರಿ, ಒಂದಾದ ಮೇಲೊಂದು. ಅವಳ ಕೈಯ ಹದಕ್ಕೇ ಜನ ಹಾನಗಲ್ಲಿನಿಂದಲೂ ಬರುತ್ತಾರೆ.

ಸಂಕ್ರಾಂತಿ ಮುಗಿದ ವಾರದಲ್ಲಿ ಒಂದು ದಿನ ಹುರಿಯುತ್ತಾ ಇದ್ದವಳು ಸೌಟನ್ನು ಬಾಣಲೆಯಲ್ಲೇ ಬಿಟ್ಟಳು. ಒಲೆ ಆರಿಸಲಿಲ್ಲ. ನೇರ ಹೋಗಿ ನೀರಿನ ಟಾಕಿಯ ತಂಪು ಗೋಡೆಗೆ ಮುಖ ಒತ್ತಿ ನಿಂತಳು. ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ ಕೆಂಪು ಏರಿತ್ತು. ಕುಪ್ಪಸ ಬೆನ್ನಿಗೆ ಅಂಟಿತ್ತು. ಬಾಣಲೆಯ ಮೆಣಸಿನಕಾಯಿ ಕರಕಾಗಿ ಎಲ್ಲರೂ ಕೆಮ್ಮಲು ಹತ್ತಿದೆವು.

“ಏನಾತ, ಸುಮಾ?” ಅಂದೆ.

“ಏನಿಲ್ಲತ್ತಿ. ಒಳಗ ಯಾರೋ ಒಲಿ ಹಚ್ಚಿದಂಗ ಆತು.”

ಖಾಜಾಬಿ ನಕ್ಕಳು. “ಹೊರಗ ಒಂದ ಒಲಿ ಸಾಲಲಿಲ್ಲೇನ ನಿನಗ? ಖಾರದ ಕಾವ ಅದು ತಾಯಿ, ಮಜ್ಜಿಗಿ ಕುಡಿ.”

ಖಾರದ ಕಾವು. ನಾವೆಲ್ಲ ಅದನ್ನೇ ನಂಬಿದೆವು. ಬ್ಯಾಡಗಿಯಲ್ಲಿ ಮೈ ಉರಿದರೆ ಖಾರ, ಕಣ್ಣಲ್ಲಿ ನೀರು ಬಂದರೆ ಖಾರ, ಎದೆ ಹೊಡೆದುಕೊಂಡರೂ ಖಾರ. ಒಲೆಯ ಮುಂದೆ ನಿಂತವಳು ನಿಜವಾಗಿ ಅತ್ತರೂ ಯಾರಿಗೆ ತಿಳಿಯಬೇಕು?

ಆಮೇಲೆ ಒಂದೊಂದೇ ಕಂಡವು. ಬೆಳಿಗ್ಗೆ ಅವಳ ಹಾಸಿಗೆಯ ಚಾದರ ಹಸಿ ಇರುತ್ತಿತ್ತು. ಕಣ್ಣ ಕೆಳಗೆ ಕಪ್ಪು. ಒಬ್ಬರ ಮಸಾಲೆಗೆ ಬೆಳ್ಳುಳ್ಳಿ ಹಾಕುವುದನ್ನೇ ಮರೆತಳು, ಅವರು ತಿರುಗಿ ತಂದು ಮುಖದ ಮೇಲೆ ಹೇಳಿ ಹೋದರು. ಬೆರಳಿನ ಗೆಣ್ಣು ನೋಯುತ್ತವೆ ಅನ್ನುತ್ತಿದ್ದಳು. ಒಂದು ಮುಂಜಾನೆ ನಿಮ್ಮಪ್ಪ ಚಹಾಕ್ಕೆ ಸಕ್ಕರೆ ಕಡಿಮೆ ಅಂದದ್ದಕ್ಕೆ ಸಕ್ಕರೆ ಡಬ್ಬಿಯನ್ನೇ ತಂದು ಅವನ ತೊಡೆಯ ಮೇಲೆ ಕುಕ್ಕಿದಳು. ಅಂಥ ಹೆಣ್ಣಲ್ಲ ಅವಳು. ನಿಮಗೇ ಗೊತ್ತು.

ನಿಮ್ಮಪ್ಪ ಡಬ್ಬಿ ಹಿಡಿದುಕೊಂಡು ಪಿಳಿಪಿಳಿ ನೋಡಿದ. “ಅವ್ವಾ, ಈಕಿಗೆ ಏನಾಗೇತಿ?”

ನನಗೆ ಗೊತ್ತಿದ್ದರೆ ತಾನೆ ಹೇಳಲು.

ಆದರೆ ನನಗೆ ನಿದ್ದೆ ಕೆಡಿಸಿದ್ದು ಇವು ಯಾವುವೂ ಅಲ್ಲ.

ನಮ್ಮ ಮನೆಯ ಪದ್ಧತಿ ಗೊತ್ತಲ್ಲ. ಮುಟ್ಟಾದ ಹೆಂಗಸು ಖಾರ ಮುಟ್ಟುವಂತಿಲ್ಲ, ಒಲೆಗೆ ಬರುವಂತಿಲ್ಲ. ಮುಟ್ಟಿದರೆ ವರ್ಷದ ಖಾರಕ್ಕೆ ಹುಳ ಬೀಳುತ್ತದೆ ಅಂತ ನನ್ನ ಅತ್ತೆ ನನಗೆ ಹೇಳಿದ್ದು. ರಸ್ತೆ ಕಡೆಯ ಖೋಲಿ, ಬೇವಿನ ಗಿಡದ ನೆರಳಿನದು, ಅದಕ್ಕೇ ಇದ್ದದ್ದು. ಅಕ್ಷತಾ, ನೀನು ಮೈನೆರೆದ ಮರುವರ್ಷ ಆ ಖೋಲಿಗೆ ಹೋಗುವುದಿಲ್ಲ ಅಂತ ಅನ್ನ ಬಿಟ್ಟು ಕೂತೆ. “ಹುಳ ಬಿದ್ರ ನನ್ನ ಕರೀರಿ, ನಾ ಆರಿಸಿಕೊಡ್ತೇನಿ” ಅಂದಿದ್ದೆ. ನಿಮ್ಮವ್ವ ನಿನ್ನ ಕಡೆ ನಿಂತಳು. ನಾನೂ ಸುಮ್ಮನಾದೆ. ಖಾರಕ್ಕೆ ಹುಳ ಬೀಳಲಿಲ್ಲ. ಅಂದಿನಿಂದ ನಿನಗೆ ಆ ಪದ್ಧತಿ ಇಲ್ಲ.

ಆದರೆ ಮಗಳಿಗೆ ಬೇಡ ಅಂದವಳು ತಾನು ಬಿಡಲಿಲ್ಲ. “ನನಗ ರೂಢಿ ಆಗೇತಿ, ಇರ್ಲಿ ಬಿಡ್ರಿ” ಅನ್ನುತ್ತಿದ್ದಳು. ಮುಟ್ಟಾಯಿತು ಅಂದರೆ ಚಾಪೆ, ದಿಂಬು, ತಂಬಿಗೆ ತೆಗೆದುಕೊಂಡು ಆ ಖೋಲಿಗೆ ಹೋಗಿಬಿಡುವಳು. ಯಾಕೆ ಅಂತ ನಾವು ಯಾರೂ ವಿಚಾರ ಮಾಡಲಿಲ್ಲ.

ಈ ಸುಗ್ಗಿಯಲ್ಲಿ ಅವಳು ಅಮಾವಾಸ್ಯೆಗೆ ಹೊರಗೆ ಕೂತಳು. ಒಳಗೆ ಬಂದು ಇನ್ನೂ ಸರಿಯಾಗಿ ಒಲೆ ಹಚ್ಚಿರಲಿಲ್ಲ, ಹುಣ್ಣಿಮೆಯ ಹೊತ್ತಿಗೆ ಮತ್ತೆ “ಅತ್ತಿ, ನಾ ಹೊರಗಾಗೇನಿ” ಅಂದಳು. ಮುಂದಿನ ತಿಂಗಳೂ ಹಾಗೆಯೇ.

ತಿಂಗಳಿಗೆ ಎರಡು ಸಲ.

ನನ್ನ ಅಕ್ಕ ಗಂಗವ್ವನನ್ನು ನೀವು ನೋಡಿಲ್ಲ. ಅವಳಿಗೆ ನಿಂತು ಹೋಗಿ ವರ್ಷಗಳಾದ ಮೇಲೆ ಮತ್ತೆ ಕಾಣಿಸಿಕೊಂಡಿತು. ಈ ವಯಸ್ಸಿನಲ್ಲಿ ಯಾರ ಮುಂದೆ ಹೇಳುವುದು ಅಂತ ಹಳೆ ಸೀರೆ ಹರಿದು ಹರಿದು ಮುಗಿಸಿದಳು. ಹುಬ್ಬಳ್ಳಿಗೆ ಒಯ್ದಾಗ ಡಾಕ್ಟರು ನಮ್ಮ ಭಾವನನ್ನು ಹೊರಗೆ ಕರೆದು ಮಾತಾಡಿದರು. ಗರ್ಭಕೋಶದ ಕ್ಯಾನ್ಸರ್. ಮುಂದಿನ ಸುಗ್ಗಿ ಅವಳು ನೋಡಲಿಲ್ಲ.

ನಿಮ್ಮವ್ವ ಚಾಪೆ ಎತ್ತಿಕೊಂಡು ಹೊರಗಿನ ಖೋಲಿಗೆ ನಡೆದಾಗೆಲ್ಲ ನನಗೆ ಗಂಗವ್ವ ನಡೆದುಹೋದಂತೆ ಕಾಣುತ್ತಿತ್ತು. ಮೈ ಉರಿ, ಬೆವರು, ಸುಸ್ತು, ಸಿಟ್ಟು, ಎಲ್ಲವನ್ನೂ ಆ ಒಂದೇ ರೋಗಕ್ಕೆ ಕಟ್ಟಿದೆ. ಕೇಳಲು ಧೈರ್ಯವಿಲ್ಲ, ಸುಮ್ಮನಿರಲು ಧೈರ್ಯವಿಲ್ಲ. ತುಂಬು ಮುರಿಯುತ್ತಾ ಮುರಿಯುತ್ತಾ ಒಳ್ಳೆಯ ಕಾಯನ್ನು ಕಸಕ್ಕೆ ಎಸೆದು ತುಂಬನ್ನು ಬುಟ್ಟಿಗೆ ಹಾಕುತ್ತಿದ್ದೆ.

“ನೀಲಕ್ಕಾ, ಇವತ್ತ ಊರ ಮಂದಿಗೆ ತುಂಬಿನ ಖಾರ ತಿನ್ನಸ್ತೀಯೇನ?” ಅಂದಳು ಖಾಜಾಬಿ. ನಗಲಿಕ್ಕೂ ಆಗಲಿಲ್ಲ.

ಕೊನೆಗೆ ನಿಮ್ಮಪ್ಪನಿಗೆ ಹೇಳಿದೆ. ಹೆತ್ತ ಮಗ. ಆದರೂ ಅವನ ಮುಖ ನೋಡಿ ಹೇಳಲಾಗದೆ ಗಿರಣಿಯ ಪಟ್ಟಾ ತಿರುಗುವುದನ್ನು ನೋಡುತ್ತಾ ಹೇಳಿದೆ. “ಸುಮಾಗ ಹೆಚ್ಚಿಗಿ ಹೊಂಟೈತಿ. ದವಾಖಾನಿಗೆ ಒಯ್ಯಬೇಕು.” ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕಿವಿ ಕೆಂಪಾದವು. ಗಿರಣಿ ನಿಲ್ಲಿಸಿದ. ಸುಗ್ಗಿಯಲ್ಲಿ ಅವನು ಹಾಡಹಗಲು ಗಿರಣಿ ನಿಲ್ಲಿಸಿದ್ದು ನಿಮ್ಮ ಅಜ್ಜ ಹೋದ ದಿನ ಬಿಟ್ಟರೆ ಅದೇ.

ರಾಣೆಬೆನ್ನೂರಿನ ಒಂದು ಖಾಸಗಿ ದವಾಖಾನೆಗೆ ಹೋದೆವು. ಬಹಳ ಮಂದಿ. ಒಳಗೆ ನಾನು ಮತ್ತು ನಿಮ್ಮವ್ವ. ಡಾಕ್ಟರು ವಯಸ್ಸಾದವರು, ಒಳ್ಳೆಯವರೇ. ಏನು ತೊಂದರೆ ಅಂತ ಅವರು ಕೇಳಿದ್ದು ನಿಮ್ಮವ್ವನಿಗೆ. ಹೇಳಿದವಳು ನಾನು. ತಿಂಗಳಿಗೆ ಎರಡು ಸಲ ಆಗುತ್ತದೆ, ಬಹಳ ಹೋಗುತ್ತದೆ, ನನ್ನ ಅಕ್ಕ ಹಿಂಗೇ ಹೋದಳು, ಏನಾದರೂ ಮಾಡಿರಿ ಅಂತ ಕೈ ಮುಗಿದೆ. ಹುಟ್ಟಿದಾಗಿಂದ ನಾಚಿಕೆಯವಳು ಅನ್ನಿಸಿಕೊಂಡವಳಿಗೆ ಆ ದಿನ ಎಲ್ಲಿಂದ ಅಷ್ಟು ಮಾತು ಬಂದವೋ.

ನಿಮ್ಮವ್ವ ಸೆರಗಿನ ತುದಿ ಸುತ್ತುತ್ತಾ ಕೂತಿದ್ದಳು. “ಹೌದೇನಮ್ಮ?” ಅಂದರು ಡಾಕ್ಟರು.

ಅವಳು ನನ್ನನ್ನು ನೋಡಿದಳು. ಆಮೇಲೆ ತಲೆ ಅಲ್ಲಾಡಿಸಿದಳು. ಹೌದು ಅಂತಲೇ.

ಸ್ಕ್ಯಾನ್ ಮಾಡಿದರು. ಒಂದು ಸಣ್ಣ ಗಂಟು ಇದೆ, ಗಂಟಿನಿಂದ ಭಯವಿಲ್ಲ, ಆದರೆ ಇಷ್ಟು ರಕ್ತ ಹೋಗುವುದಾದರೆ ಇಟ್ಟುಕೊಳ್ಳುವುದು ಒಳ್ಳೆಯದಲ್ಲ ಅಂದರು. “ಮಕ್ಕಳ ದೊಡ್ಡವರಾಗ್ಯಾರ. ಗರ್ಭಕೋಶ ತೆಗಿಯೂದ ಛಲೋ. ಮೊದಲ ಹಾವೇರಿಗೆ ಹೋಗಿ ರಕ್ತ, ಹೃದಯ ಎಲ್ಲಾ ತಪಾಸಣಿ ಮಾಡಿಸಿ, ಅಲ್ಲಿ ಲೇಡಿ ಡಾಕ್ಟರಿಗೂ ಒಮ್ಮೆ ತೋರ್ಸಿರಿ. ರಿಪೋರ್ಟ್ ತಂದ್ರ ದಿನಾ ಗೊತ್ತು ಮಾಡೂಣು.” ಅವರದು ತಪ್ಪು ಅಂತ ನಾನು ಬರೆಯುವುದಿಲ್ಲ. ನಾನು ಹೇಳಿದ್ದನ್ನು ಅವರು ನಂಬಿದರು. ಅವಳು ಹೌದು ಅಂದಳು.

ಹಾವೇರಿಗೆ ಹೋಗುವವರೆಗಿನ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಅನ್ನ ಬಿಟ್ಟಿದ್ದೆ. ಟೇಬಲ್ ಮೇಲೆ ಏನಾದರೂ ಆದರೆ? ತೆಗೆದ ಮೇಲೆ ಅದರಲ್ಲಿ ಕ್ಯಾನ್ಸರ್ ಇದೆ ಅಂದರೆ? ನಿಮಗೆ ಏನು ಹೇಳುವುದು? ಅಕ್ಷತಾಳ ಪರೀಕ್ಷೆ ಮುಗಿಯುವವರೆಗೆ ಕಾಯಬಹುದಾ? ಓಣಿಯಲ್ಲಿ ಆ ಆಪರೇಶನ್ ಆದವರ ಮನೆಗೆ ಹೋಗಿ ಬಂದೆ. ಒಬ್ಬಾಕೆ ಆರಾಮ ಆಯಿತು ಅಂದಳು. ಇನ್ನೊಬ್ಬಾಕೆ ಆವತ್ತಿನಿಂದ ಸೊಂಟ ಹಿಡಿದದ್ದು ಬಿಟ್ಟಿಲ್ಲ ಅಂದಳು. ಎರಡನ್ನೂ ಕೇಳಿ ಹೆದರಿಕೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಆದರೆ ಒಂದು ವಿಚಿತ್ರ. ಮನೆಯಲ್ಲಿ ಹೆದರದವಳು ಒಬ್ಬಳೇ, ನಿಮ್ಮವ್ವ.

ಅವಳು ಪೇಟೆಗೆ ಹೋಗಿ ಒಂದು ಹೊಸ ಚಾದರ ತಂದಳು. ಆಕಾಶದ ಬಣ್ಣ, ಸಣ್ಣ ಬಿಳಿ ಹೂವು. ಒಗೆದು, ಒಣಗಿಸಿ, ಮಡಚಿ ಚೀಲದಲ್ಲಿ ಇಟ್ಟಳು. “ದವಾಖಾನಿಗೆ” ಅಂದಳು. ಮದುವೆಗೆ ಸೀರೆ ಇಟ್ಟುಕೊಂಡ ಹಾಗೆ ಇಟ್ಟುಕೊಂಡಳು. ತಾನು ಉಳಿಯುವುದಿಲ್ಲ ಅಂತ ಇವಳಿಗೆ ಗೊತ್ತಾಗಿದೆಯೇನೋ, ಅದಕ್ಕೇ ಇಷ್ಟು ಶಾಂತ ಅಂತ ತಿಳಿದೆ.

ಹಾವೇರಿಗೆ ಹೋದ ದಿನ ನಿಮ್ಮಪ್ಪ ಗೇಟಿನ ಹತ್ತಿರ ಚಹಾದಂಗಡಿಯ ಮುಂದೆ ನಿಂತ. ಹೆಂಗಸರ ವಿಭಾಗಕ್ಕೆ ಅವನು ಬರಲಿಲ್ಲ. ನಾವು ರಕ್ತ ಕೊಟ್ಟು, ಎದೆಗೆ ಮಷಿನ್ ಹಚ್ಚಿಸಿಕೊಂಡು, ಮಧ್ಯಾಹ್ನದ ಹೊತ್ತಿಗೆ ಲೇಡಿ ಡಾಕ್ಟರ ಮುಂದೆ ಕೂತೆವು. ಅಕ್ಷತಾ, ನಿನಗಿಂತ ಸ್ವಲ್ಪ ದೊಡ್ಡವಳಿರಬೇಕು ಆ ಹುಡುಗಿ. ರಿಪೋರ್ಟು ಓದಿದಳು. ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದಳು. ಮತ್ತೆ ರಿಪೋರ್ಟು ಓದಿದಳು.

ನಾನು ಕುರ್ಚಿಯ ತುದಿಗೆ ಸರಿದೆ.

“ತಿಂಗಳಿಗೆ ಎರಡ ಸಲ ಆಗ್ತೈತೇನ್ರಿ?”

“ಹೌದ್ರಿ, ಬಾಳ ಹೋಗ್ತೈತ್ರಿ” ಅಂದೆ ನಾನು.

“ಹಿಮೋಗ್ಲೋಬಿನ್ ಬಾಳ ಛಲೋ ಐತಿ. ಅಷ್ಟ ರಕ್ತ ಹೋಗೋರಿಗೆ ಹಿಂಗ ಇರೂದಿಲ್ಲ. ಒಳಗಿನ ಪದರನೂ ತೆಳ್ಳಗೈತಿ.” ನಿಮ್ಮವ್ವನ ಕಡೆ ತಿರುಗಿದಳು. “ಕಡೀ ಸಲ ಯಾವಾಗ ಆಗಿತ್ರಿ?”

“ಮೊನ್ನಿ ಅಮಾಸಿಗ್ರಿ” ಅಂದೆ.

“ಆಯಿ, ನಿಮ್ಮನ್ನ ಕೇಳಲಿಲ್ಲ.” ಸಿಟ್ಟಿನಿಂದ ಅನ್ನಲಿಲ್ಲ. ನಗುತ್ತಲೇ ಅಂದಳು. “ಮುಟ್ಟು ಅವರದೈತಿ. ಅವರ ಹೇಳ್ಲಿ.”

ನಿಮ್ಮವ್ವ ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು. ಅವಳ ಮುಖ ಕೆಂಪಗಾಗತೊಡಗಿತು. ಒಲೆ ಇರಲಿಲ್ಲ, ಖಾರ ಇರಲಿಲ್ಲ, ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಆದರೂ ಹಣೆಯಿಂದ ಬೆವರು ಇಳಿದು ಗಲ್ಲಕ್ಕೆ ಬಂತು. ಡಾಕ್ಟರು ಅದನ್ನು ನೋಡುತ್ತಾ ಕೂತಳು, ಅವಸರ ಮಾಡಲಿಲ್ಲ.

“ಶೀಗಿ ಹುಣ್ಣಿವಿ ಮುಂದ್ರಿ” ಅಂದಳು ನಿಮ್ಮವ್ವ.

“ಮೊನ್ನಿ ಶೀಗಿ ಹುಣ್ಣಿವಿ?”

“ಅಲ್ರಿ. ಅದರ ಹಿಂದಿಂದು.”

ವರ್ಷದ ಮೇಲೆ ಆಗಿತ್ತು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಮತ್ತೆ ಅಮಾವಾಸ್ಯೆಗೆ ಕೂತದ್ದು? ಹುಣ್ಣಿಮೆಗೆ ಕೂತದ್ದು? ನಾನು ಬಾಯಿ ತೆರೆದೆ. ಡಾಕ್ಟರು ನನ್ನ ಕಡೆ ಕೈ ಎತ್ತಿ ತಡೆದಳು.

“ಆಮ್ಯಾಲ ಒಂದ ಹನಿನೂ ಕಂಡಿಲ್ಲೇನ್ರಿ? ನಿಜಾ ಹೇಳ್ರಿ, ಇದು ಬಾಳ ಮುಖ್ಯ.”

“ಇಲ್ರಿ. ಒಂದ ಹನಿನೂ ಇಲ್ಲ.”

“ಮತ್ತ ಯಾಕ ಹಂಗ ಹೇಳಿದ್ರಿ?”

ನಿಮ್ಮವ್ವ ಅತ್ತಳು. ನಿಮ್ಮ ಅಜ್ಜ ಹೋದಾಗಲೂ ಅವಳು ಹಾಗೆ ಅತ್ತದ್ದನ್ನು ನೋಡಿರಲಿಲ್ಲ. ಅಳುತ್ತಾ ಹೇಳಿದ್ದು ನನಗೆ, ಡಾಕ್ಟರಿಗಲ್ಲ.

“ಹೊರಗ ಕುಂತಾಗ ನನ್ನ ಯಾರೂ ಕರೀತಿದ್ದಿಲ್ಲತ್ತಿ. ಒಲಿ ಇಲ್ಲ, ಬಾಣಲಿ ಇಲ್ಲ. ಆ ಖೋಲ್ಯಾಗ ಬೇವಿನ ಗಾಳಿ ಬರ್ತೈತಿ. ಕಲ್ಲಿನ ಮ್ಯಾಲ ಬೆನ್ನ ಹಚ್ಚಿದ್ರ ಉರಿ ಇಳೀತಿತ್ತು. ಅಲ್ಲಿ ಒಂದೀಟ ನಿದ್ದಿ ಬರ್ತಿತ್ತು. ನಿಂತೈತಿ ಅಂತ ಹೇಳಿದ್ರ ಆ ಖೋಲಿನೂ ಹೋಗ್ತಿತ್ತು.”

“ದಣಿವಾಗೇತಿ ಅಂತ ಹೇಳಬಾರದಿತ್ತೇನವಾ?” ಅಂದೆ.

“ಏನಂತ ಹೇಳ್ಲಿ? ಜ್ವರ ಇಲ್ಲ, ಗಾಯ ಇಲ್ಲ. ತೋರ್ಸಾಕ ಏನೂ ಇದ್ದಿಲ್ಲ.”

ಡಾಕ್ಟರು ಒಂದು ಗ್ಲಾಸು ನೀರು ಕೊಟ್ಟಳು. ನಿಮ್ಮವ್ವ ಕುಡಿದು, ಇನ್ನೂ ಒಂದು ಮಾತು ಅಂದಳು. ಅದನ್ನು ಬರೆಯುವುದೋ ಬೇಡವೋ ಅಂತ ಬಹಳ ಯೋಚಿಸಿದೆ.

“ಆಪರೇಶನ್ ಆದ್ರ ತಿಂಗಳಗಟ್ಲೆ ಮಲಗಸ್ತಾರ ಅಂದ್ರು. ಹೋಗ್ಲಿ, ಮಲಗಾಕರ ಸಿಗ್ತೈತಿ ಅಂತ ಸುಮ್ಮನಾದೆ.”

ಆಕಾಶದ ಬಣ್ಣದ ಚಾದರ ನೆನಪಾಯಿತು.

ಮಲಗಲು ಸಿಗಲಿ ಅಂತ ಹೊಟ್ಟೆ ಕೊಯ್ಯಿಸಿಕೊಳ್ಳಲು ತಯಾರಾಗಿದ್ದಳು. ನಾನು ಅವಳ ಜೀವಕ್ಕೆ ಹೆದರಿ ಒಂದು ಕಡೆ ಎಳೆಯುತ್ತಿದ್ದೆ, ಅವಳು ದಣಿದು ಅದೇ ಕಡೆಗೆ ಬರುತ್ತಿದ್ದಳು. ಆ ಹುಡುಗಿ “ನಿಮ್ಮನ್ನ ಕೇಳಲಿಲ್ಲ” ಅಂತ ನನಗೆ ಅನ್ನದೇ ಹೋಗಿದ್ದರೆ ಇಬ್ಬರೂ ಕೂಡಿ ಆ ಟೇಬಲ್‌ವರೆಗೆ ಹೋಗಿಯೇ ಬಿಡುತ್ತಿದ್ದೆವು.

ಆಮೇಲೆ ಡಾಕ್ಟರು ನಿಧಾನವಾಗಿ ತಿಳಿಸಿದಳು. ಇದು ರೋಗವಲ್ಲ, ಮುಟ್ಟು ನಿಲ್ಲುವ ಕಾಲ, ಮೆನೋಪಾಸ್. ಒಂದು ವರ್ಷ ಪೂರಾ ಕಾಣದಿದ್ದರೆ ನಿಂತಿತು ಅಂತ ಲೆಕ್ಕ. ಆದರೆ ನಿಲ್ಲುವ ಮೊದಲು, ನಿಂತ ಮೇಲೆ ಕೂಡ, ಕೆಲವರಿಗೆ ವರ್ಷಾನುಗಟ್ಟಲೆ ಮೈ ಒಮ್ಮೆಲೇ ಉರಿಯುತ್ತದೆ, ಬೆವರುತ್ತದೆ, ನಿದ್ದೆ ಹತ್ತುವುದಿಲ್ಲ, ಗೆಣ್ಣು ನೋಯುತ್ತವೆ, ಮರೆವು, ಸಿಟ್ಟು, ಕಾರಣವಿಲ್ಲದ ಅಳು. ದೇಹದೊಳಗೆ ಒಂದು ಹಾರ್ಮೋನ್ ಕಡಿಮೆಯಾಗುವುದರಿಂದ ಹೀಗೆ. ಕೆಲವರಿಗೆ ಏನೂ ಆಗುವುದಿಲ್ಲ. ಹೀಗಾಗಿ ಆಗದವರು ಆದವರನ್ನು ನಂಬುವುದಿಲ್ಲ. ಇನ್ನೂ ಒಂದೆರಡು ತೊಂದರೆ ಹೇಳಿದಳು, ಗಂಡ ಹೆಂಡತಿಯ ನಡುವಿನದು, ಉಚ್ಚೆಯದು. ಅಕ್ಷತಾ, ಅವನ್ನು ನಿನಗೆ ನಿಮ್ಮವ್ವ ಹೇಳುತ್ತಾಳೆ, ನನ್ನ ಕೈ ಅಲ್ಲಿಯವರೆಗೆ ಹೋಗುವುದಿಲ್ಲ. ಅವಕ್ಕೂ ಔಷಧ ಇದೆಯಂತೆ, ಮುಚ್ಚಿಟ್ಟುಕೊಳ್ಳಬಾರದಂತೆ.

ಉರಿ ತಡೆಯಲಾಗದಿದ್ದರೆ ಅದಕ್ಕೂ ಗುಳಿಗೆ ಇವೆ, ಆದರೆ ಎಲ್ಲರಿಗೂ ಒಂದೇ ಅಲ್ಲ, ಬಿ.ಪಿ. ನೋಡಿ, ಎದೆ ತಪಾಸಣೆ ಮಾಡಿ, ಆಮೇಲೆ ಕೂತು ಮಾತಾಡೋಣ ಅಂದಳು. ಎಲುಬು ಸವೆಯದಂತೆ ಹಾಲು, ರಾಗಿ, ಬಿಸಿಲಲ್ಲಿ ನಡಿಗೆ. ಮತ್ತೆ, ಒಲೆಯ ಮುಂದೆ ಇಡೀ ದಿನ ನಿಲ್ಲಿಸಬೇಡಿರಿ.

“ಗಂಟು?” ಅಂದೆ.

“ಅದು ಸಣ್ಣದು, ತಾನ ಕುಗ್ಗಬಹುದು. ಆರ ತಿಂಗಳ ಬಿಟ್ಟ ಮತ್ತೊಮ್ಮೆ ನೋಡೂಣು. ಈಗ ಆಪರೇಶನ್ ಬೇಕಾಗಿಲ್ಲ. ಆದ್ರ ಒಂದ ಮಾತ ನೆನಪಿಡ್ರಿ. ಇನ್ನ ಮ್ಯಾಲ ಒಂದ ಹನಿ ಕಂಡ್ರೂ ಲಗೂನ ಬರಬೇಕು. ನಾಚಿಕಿ ಮಾಡಬಾರದು, ತಡಾ ಮಾಡಬಾರದು.”

ಗಂಗವ್ವನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಅಲ್ಲಿ ಕೂತಿದ್ದಾಗ ನನಗೆ ಇನ್ನೊಂದು ಹೊಳೆಯಿತು. ನಿಮ್ಮ ಅಜ್ಜ ತೀರಿಕೊಂಡ ವರ್ಷವೇ ನನಗೂ ನಿಂತದ್ದು. ಆ ವರ್ಷವೆಲ್ಲ ಮೈ ಬೆಂಕಿ. ನಿದ್ದೆಯಿಲ್ಲ. ಎದೆ ಧಡ್ ಧಡ್ ಅನ್ನುವುದು. ಚಳಿಗಾಲದಲ್ಲಿ ಬೆವರು. ಬಂದವರೆಲ್ಲ “ಗಂಡನ ಚಿಂತಿ” ಅಂದರು, ನಾನೂ ಹಾಗೇ ತಿಳಿದೆ. ಅವರನ್ನು ನೆನೆದು ನೆನೆದು ಹೀಗಾಗಿದೆ, ಇದು ಇನ್ನು ಸಾಯುವವರೆಗೆ ಇರುವುದೇ ಅಂತ ಒಪ್ಪಿಕೊಂಡಿದ್ದೆ. ಈಗ ಡಾಕ್ಟರು ಒಂದೊಂದಾಗಿ ಹೇಳುತ್ತಿದ್ದರೆ ಅದರಲ್ಲಿ ಅರ್ಧ ದುಃಖದ್ದಲ್ಲ ಅಂತ ತಿಳಿಯಿತು. ಯಾವ ಅರ್ಧ ಯಾವುದರದು ಅಂತ ಈ ವಯಸ್ಸಿನಲ್ಲಿ ಬೇರ್ಪಡಿಸಲು ನನಗೆ ಆಗುವುದಿಲ್ಲ. ಆದರೆ ಎಲ್ಲವನ್ನೂ ಅವರ ಮೇಲೆ ಹಾಕಿದ್ದೆನಲ್ಲ, ಪಾಪ, ಅನ್ನಿಸಿತು.

ಹೊರಗೆ ಬಂದಾಗ ನಿಮ್ಮಪ್ಪ ಚಹಾದಂಗಡಿಯಿಂದ ಓಡಿ ಬಂದ. “ಎಂದ ಆಪರೇಶನ್?”

“ಬ್ಯಾಡ ಅಂದ್ರು. ಆಕಿಗೆ ನಿಂತ ವರ್ಷದ ಮ್ಯಾಲಾಗೇತಿ.”

ಅವನಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಆಯಿತು ಕೂಡ, ಒಂದು ಗಳಿಗೆ. ಆಮೇಲೆ ಅವನ ಹುಬ್ಬು ಗಂಟಾಯಿತು. “ಹಂಗಾರ ಇಷ್ಟ ದಿನಾ ಸುಳ್ಳ ಹೇಳಿದ್ಲೇನ? ಗಿರಣಿ ಬಂದ್ ಮಾಡಿ, ರಾಣೆಬೆನ್ನೂರಂತ, ಹಾವೇರಿ ಅಂತ ಹುಚ್ಚರಂಗ ಅಡ್ಡಾಡೇವಿ. ಅವ್ವಾ, ನೀ ಅನ್ನ ಬಿಟ್ಟಿದ್ದಿ!”

ನಿಮ್ಮವ್ವ ನಿಂತಲ್ಲೇ ಕುಗ್ಗಿದಳು. ಸುತ್ತ ಮಂದಿ. ಆಟೋದವನು ತಿರುಗಿ ನೋಡಿದ. ನಾನು ಹುಟ್ಟಿದಾಗಿಂದ ರಸ್ತೆಯಲ್ಲಿ ಧ್ವನಿ ಎತ್ತಿದವಳಲ್ಲ.

“ಸುಳ್ಳಲ್ಲೋ” ಅಂದೆ. “ರಜಾ ಕೇಳ್ಯಾಳ. ನಮ್ಮ ಮನ್ಯಾಗ ಹೆಂಗಸರಿಗೆ ರಜಾ ಕೇಳಾಕ ಅದೊಂದ ಮಾತಿತ್ತು. ಬ್ಯಾರೆ ಮಾತ ನಾವು ಇಟ್ಟಿದ್ದಿಲ್ಲ.”

ಅವನು ತನ್ನ ಚಪ್ಪಲಿ ನೋಡಿದ. ಆಮೇಲೆ ಹೋಗಿ ಎರಡು ಎಳನೀರು ಹಿಡಿದುಕೊಂಡು ಬಂದ. ಒಂದನ್ನು ನಿಮ್ಮವ್ವನ ಕೈಗೆ ಕೊಟ್ಟು, “ತಂಪ ಐತಿ, ಕುಡಿ” ಅಂದ. ಅಷ್ಟೇ ಅಂದದ್ದು. ಬಸ್ಸಿನಲ್ಲಿ ಅವಳಿಗೆ ಕಿಟಕಿಯ ಜಾಗ ಬಿಟ್ಟ. ಬ್ಯಾಡಗಿ ಬರುವವರೆಗೆ ಅವಳು ಗಾಳಿಗೆ ಮುಖ ಕೊಟ್ಟು ಕೂತಿದ್ದಳು.

ಮನೆಗೆ ಬಂದ ಮೇಲೆ ಎಲ್ಲ ಒಮ್ಮೆಲೇ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಖಾಜಾಬಿ ಮುಂಜಾನೆ ಹುರಿಯುವ ಕೆಲಸ ಹಿಡಿದಳು. ಮೊದಲ ದಿನ ಜೀರಿಗೆ ಕರಕು ಮಾಡಿದಳು, ಕೊತ್ತಂಬರಿ ಹಸಿ ಬಿಟ್ಟಳು. “ನಮ್ಮ ಸುಮಾನ ಹದ ಇದಲ್ಲ” ಅಂತ ಇಬ್ಬರು ಗಿರಾಕಿಗಳು ಮುಖ ಸಿಂಡರಿಸಿ ಹೋದರು. ನಿಮ್ಮಪ್ಪ ಅಂದ: “ಹದ ಬೇಕಂದ್ರ ಸಂಜೀಕ ಬರ್ರಿ, ತಂಪ ಹೊತ್ತಿನ್ಯಾಗ ಆಕಿ ಹುರೀತಾಳ. ಇಲ್ಲಂದ್ರ ಇದ ಹದಾ.” ಅದು ಅವನ ಬಾಯಿಂದ ಬಂತು ಅಂತ ನನಗೆ ಈಗಲೂ ನಂಬಿಕೆಯಾಗುವುದಿಲ್ಲ.

ಎಲ್ಲ ಕೇಳಿದ ಮೇಲೆ ಖಾಜಾಬಿ ಹಣೆ ಬಡಿದುಕೊಂಡಳು. “ಯಾ ಅಲ್ಲಾ, ನನಗೂ ಹಿಂಗ ಆಗಿತ್ತಲ್ಲ ನೀಲಕ್ಕಾ! ಥಂಡಿ ದಿನದಾಗ ನಾ ಫ್ಯಾನ್ ಹಚ್ಚತಿದ್ದೆ, ನಮ್ಮನಿಯವ್ರ ಎರಡ ಕಂಬಳಿ ಹೊದ್ದು ‘ಈಕಿಗೆ ಸೈತಾನ ಹಿಡದೈತಿ’ ಅಂತಿದ್ರು. ನಾನೂ ಖಾರದ ಕಾವ ಅಂತನ ತಿಳಿದಿದ್ದೆ.”

“ಮತ್ತ ನನಗ ಮಜ್ಜಿಗಿ ಕುಡಿ ಅಂದಿ?” ಅಂದಳು ನಿಮ್ಮವ್ವ.

“ನಾ ಕುಡದದ್ದು ಅದನ್ನ. ಮತ್ತೇನ, ಸರಬತ್ ಹೇಳಬೇಕಿತ್ತ?”

ಮೂವರೂ ನಕ್ಕೆವು. ಬಹಳ ದಿನಗಳ ಮೇಲೆ.

ಉರಿ ಇನ್ನೂ ಬರುತ್ತದೆ. ಕಡಿಮೆ ಇದೆ. ಒಂದೊಂದು ದಿನ ಅವಳು ಯಾರೊಂದಿಗೂ ಮಾತಾಡುವುದಿಲ್ಲ. ಮೊದಲಾದರೆ ನಾನು ಮುಖ ಊದಿಸುತ್ತಿದ್ದೆ, ಈಗ ಸುಮ್ಮನೆ ತಂಬಿಗೆಯಲ್ಲಿ ನೀರು ಇಟ್ಟು ಬರುತ್ತೇನೆ. ಆರು ತಿಂಗಳ ಸ್ಕ್ಯಾನ್ ಇನ್ನೂ ಬಾಕಿ ಇದೆ. ಆ ಗಂಟು ಕುಗ್ಗಿದೆಯೋ ಬೆಳೆದಿದೆಯೋ ಅನ್ನುವ ಹುಳ ನನ್ನ ತಲೆಯಿಂದ ಹೋಗಿಲ್ಲ. ಹೋಗುವುದೂ ಇಲ್ಲ, ನಾನು ಗಂಗವ್ವನ ತಂಗಿ.

ಅಕ್ಷತಾ, ಒಂದು ಮಾತು. ಪ್ರತಿ ಸಲ ನೀನು ಹಾಸ್ಟೆಲಿಗೆ ಹೊರಟಾಗ ನಿಮ್ಮವ್ವ ನಿನ್ನ ಚೀಲದಲ್ಲಿ ಎರಡೆರಡು ಪ್ಯಾಡಿನ ಪ್ಯಾಕೆಟು ತುರುಕುತ್ತಿದ್ದಳಲ್ಲ. “ಇಷ್ಟ್ಯಾಕವ್ವಾ, ಅಂಗಡಿ ಇಡ್ಲೇನ?” ಅಂತ ನೀನು ರೇಗಿದ್ದೆ. ಅವು ಅವಳವು. ಮನೆಯವರು ನಂಬಲಿ ಅಂತ ತಿಂಗಳು ತಿಂಗಳು ಕೊಂಡದ್ದು.

ಹೊರಗಿನ ಖೋಲಿಗೆ ಈಗ ನಿಮ್ಮಪ್ಪ ಒಂದು ಮಂಚ ಹಾಕಿಸಿದ್ದಾನೆ. ಅದರ ಮೇಲೆ ಆಕಾಶದ ಬಣ್ಣದ ಆ ಚಾದರ ಹಾಸಿದೆ. ಆ ಖೋಲಿಗೆ ಹೋಗಲು ಇನ್ನು ಯಾರಿಗೂ ಮುಟ್ಟಾಗಬೇಕಿಲ್ಲ, ಕಾರಣ ಹೇಳಬೇಕಿಲ್ಲ. ಒಳಗಿನಿಂದ ಬಾಗಿಲು ಎಳೆದಿದ್ದರೆ ಕರೆಯಬಾರದು, ಅಷ್ಟೇ.

ಹೋದ ವಾರ ಮಧ್ಯಾಹ್ನ ತುಂಬು ಮುರಿದು ಬೆನ್ನು ಸೋತಿತ್ತು. ನಿಮ್ಮವ್ವ ನನ್ನ ಮುಂದಿನ ಬುಟ್ಟಿ ಎಳೆದುಕೊಂಡಳು. “ಅತ್ತಿ, ನೀವು ಹೋಗಿ ಬೀಳ್ರಿ” ಅಂದಳು. “ನನಗ್ಯಾಕ?” ಅಂದೆ. “ನಿಮ್ಮನ್ನ ಕೇಳಲಿಲ್ಲ” ಅಂದಳು, ಆ ಡಾಕ್ಟರ ಧ್ವನಿಯಲ್ಲೇ. ಹೋಗಿ ಮಲಗಿದೆ. ಮುಟ್ಟು ನಿಂತಾಗಿನಿಂದ ಇಲ್ಲಿಯವರೆಗೆ ಹಗಲು ಹೊತ್ತಿನಲ್ಲಿ ಬೆನ್ನು ಹಚ್ಚಿದವಳಲ್ಲ ನಾನು. ಕಿಟಕಿಯಿಂದ ಬೇವಿನ ಗಾಳಿ ಬಂತು. ಅವಳು ಹೇಳಿದ್ದು ಖರೇ ಇತ್ತು.

ಅದೇ ಖೋಲಿಯಲ್ಲಿ ಕೂತು ಇದನ್ನು ಬರೆದು ಮುಗಿಸುತ್ತಿದ್ದೇನೆ. ಈ ಹಾಳೆಗಳನ್ನು ಅಕ್ಷತಾ ಇಟ್ಟುಕೊಳ್ಳಲಿ, ಹರಿಯದಂತೆ, ನೀರು ಬೀಳದಂತೆ. ನಿನಗೆ ಆ ವಯಸ್ಸು ಬಂದಾಗ ನಾನು ಇರುವುದಿಲ್ಲ, ನೀನು ತೆಗೆದು ಓದು. ಪ್ರಜ್ವಲಾ, ನಿನಗೆ ಮದುವೆ ಗೊತ್ತಾದಾಗ ಅಕ್ಕನ ಹತ್ತಿರ ಕೇಳಿ ಒಮ್ಮೆ ಇಸಿದುಕೊಂಡು ಓದು, ಓದಿ ತಿರುಗಿ ಅವಳಿಗೇ ಕೊಡು. ಕಳೆಯಬೇಡಿ. ಇಂಥ ಮಾತು ಇನ್ನೊಮ್ಮೆ ಬರೆಯುವ ಧೈರ್ಯ ನನ್ನ ಕೈಗೂ ಉಳಿದಿಲ್ಲ.